ನೋಡದೆ ಬರೆದ ಅಂಕಿ

ನನ್ನಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ, ಆದರೆ ಅದು ಪೆನ್ಷನ್ ಕಾಗದದ ಮೇಲೆ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಎಲ್ಲರಿಗೂ ಅವನು ಮೀಟರಣ್ಣ. ಹಾಗೆ ಕರೆದರೆ ಮೊದಲೆಲ್ಲ ಎದೆ ಎರಡಂಗುಲ ಅಗಲವಾಗುತ್ತಿತ್ತು. ಈಗ ಕರೆದರೆ ಕಿವಿ ಕೇಳಿಸದವನ ಹಾಗೆ ಮುಂದೆ ಹೋಗುತ್ತಾನೆ. ಹೀಗಾಗಿದ್ದಕ್ಕೆ ಅರ್ಧ ಕಾರಣ ಅವನು, ಇನ್ನರ್ಧ ನಾನು. ಅವನ ಅರ್ಧವನ್ನು ಅವನೇ ಹತ್ತು ಜನರೆದುರು ಹೇಳಿಕೊಂಡ. ನನ್ನ ಅರ್ಧವನ್ನು ನಾನು ಎಂಟು ತಿಂಗಳು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದೆ. ಅವನ ಕಥೆ ಬರೆಯಲು ಕೂತು ನನ್ನದನ್ನು ಬಿಟ್ಟರೆ ಅದು ಇನ್ನೊಂದು ಸುಳ್ಳಾಗುತ್ತದೆ, ಆದ್ದರಿಂದ ಮೊದಲೇ ಹೇಳಿಬಿಟ್ಟೆ.

ಅಣ್ಣ ಮೂವತ್ತೊಂದು ವರ್ಷ ಕೋಲ್ಡ್ ಸ್ಟೋರೇಜಿನಲ್ಲಿ ದುಡಿದವನು. ಆಲೂಗಡ್ಡೆ, ಸೇಬು, ಬೆಣ್ಣೆ ಇಡುವ ಆರು ದೊಡ್ಡ ಕೋಣೆಗಳು, ಒಂದೊಂದರ ಬಾಗಿಲ ಪಕ್ಕದಲ್ಲೂ ತಟ್ಟೆಯಗಲದ ಮೀಟರು. ಗಂಟೆಗೊಮ್ಮೆ ಆರೂ ಬಾಗಿಲಿಗೆ ಹೋಗಿ ಒಳಗೆ ಎಷ್ಟು ಚಳಿಯಿದೆ ಎಂದು ನೋಡಿ, ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕುವುದು ಅವನ ಕೆಲಸ. ಕೆಲಸ ಬಲ್ಲವನು, ಅದರಲ್ಲಿ ಎರಡು ಮಾತಿಲ್ಲ. ಚಹಾ ಕುಡಿಯುತ್ತಿದ್ದವನು ಲೋಟ ಅರ್ಧಕ್ಕೇ ನಿಲ್ಲಿಸಿ ತಲೆ ಓರೆ ಮಾಡಿ, "ಮೂರನೇದು ಕೆಮ್ತಾ ಇದೆ" ಎಂದು ಎದ್ದುಹೋದರೆ, ಮೂರನೇ ಕೋಣೆಯ ಯಂತ್ರ ನಿಜವಾಗಿಯೂ ಕೆಟ್ಟಿರುತ್ತಿತ್ತು. ಮೀಟರಿನ ಮುಳ್ಳು ಅಲ್ಲಾಡುವ ಮೊದಲೇ ಅವನಿಗೆ ಗೊತ್ತಾಗುತ್ತಿತ್ತು.

ಅಷ್ಟು ಬಲ್ಲವನಾದ್ದರಿಂದಲೇ ಒಂದು ಚಾಳಿ ಹತ್ತಿತ್ತು. ಪಾಳಿ ಶುರುವಾದ ಕೂಡಲೇ ಒಂದು ಸುತ್ತು ಹಾಕಿ ಆರೂ ಮೀಟರು ನೋಡುತ್ತಿದ್ದ. ಆಮೇಲೆ ಕುರ್ಚಿಯಲ್ಲಿ ಕೂತು, ಮುಂದಿನ ಎಂಟು ಗಂಟೆಯ ಅಂಕಿಗಳನ್ನು ತನ್ನ ಗುಂಡು ಅಕ್ಷರದಲ್ಲಿ ಒಂದೇ ಉಸಿರಿಗೆ ಬರೆದು ಮುಗಿಸುತ್ತಿದ್ದ. ಎಲ್ಲ ಒಂದೇ ಥರ ಇದ್ದರೆ ಸಾಹೇಬರಿಗೆ ಅನುಮಾನ ಬರುತ್ತದೆಂದು ಅಲ್ಲೊಂದು ಇಲ್ಲೊಂದು ಪಾಯಿಂಟ್ ಏರಿಸುವುದು, ಇಳಿಸುವುದು. ಒಂದು ದಿನ ಮಧ್ಯಾಹ್ನ ಮೂರಕ್ಕೆ ಇನ್‌ಸ್ಪೆಕ್ಟರ್ ಬಂದು ನೋಡಿದರೆ ಪುಸ್ತಕದಲ್ಲಿ ಆರು ಗಂಟೆಯ ಅಂಕಿ, ಸಹಿ ಸಮೇತ!

"ಏನಯ್ಯಾ ಇದು?" ಎಂದರಂತೆ ಅವರು.

"ಸಾರ್, ಗೋಡೆ ಎರಡು ಅಡಿ ದಪ್ಪ ಇದೆ. ಆಲೂಗಡ್ಡೆಗೆ ಎಲ್ಲಿಂದ ಜ್ವರ ಬರುತ್ತೆ?"

ಇನ್‌ಸ್ಪೆಕ್ಟರಿಗೂ ನಗು ಬಂತಂತೆ. ಈ ಕಥೆಯನ್ನು ಅಣ್ಣ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ನಾವೂ ಪ್ರತಿ ಸಲ ಹೊಸದಾಗಿ ಕೇಳುವವರಂತೆ ನಗುತ್ತಿದ್ದೆವು. ಅವನ ಕೈಕೆಳಗೆ ಕೆಲಸ ಕಲಿತವರೆಲ್ಲ ಮೊದಲು ಕಲಿತದ್ದು ಈ ವಿದ್ಯೆಯನ್ನೇ.

ನನ್ನ ಬಗ್ಗೆಯೂ ಎರಡು ಮಾತು ಹೇಳಬೇಕು. ನಾನು ಲೈಬ್ರರಿಯಲ್ಲಿ ಗುಮಾಸ್ತೆ. ಇಪ್ಪತ್ತೇಳು ವರ್ಷದಿಂದ ಪುಸ್ತಕದ ಹಿಂದಿನ ಚೀಟಿಗೆ ತಾರೀಖಿನ ಮೊಹರು ಒತ್ತುತ್ತಿದ್ದೇನೆ. ಮದುವೆಯಾಗಲಿಲ್ಲ, ಅದಕ್ಕೆ ಈಗ ಯಾರೂ ಕಾರಣ ಕೇಳುವುದಿಲ್ಲ, ಅದೊಂದು ನೆಮ್ಮದಿ. ಅಣ್ಣನ ಮನೆಯಿಂದ ಎರಡು ಬೀದಿ ಆಚೆ ನನ್ನ ಮನೆ. ಅವನಿಗೂ ನನಗೂ ಒಂಬತ್ತು ವರ್ಷದ ಅಂತರ. ಮೂಗಿನಲ್ಲಿ ಹೋಲಿಕೆಯಿಲ್ಲ, ಬಣ್ಣದಲ್ಲಿ ಹೋಲಿಕೆಯಿಲ್ಲ, ಆದರೆ ಒಂದು ಕಾಯಿಲೆ ಇಬ್ಬರಿಗೂ ಒಂದೇ: ನಾಲ್ಕು ಜನರಿಂದ ಭೇಷ್ ಅನ್ನಿಸಿಕೊಳ್ಳಬೇಕು. ಚಿಕ್ಕಂದಿನಲ್ಲಿ ಅಪ್ಪ ಮನೆಗೆ ಬಂದವರಿಗೆಲ್ಲ ನಮ್ಮ ಸ್ಲೇಟು ತೋರಿಸುತ್ತಿದ್ದ. ಲೆಕ್ಕ ತಪ್ಪಿದ್ದರೆ ಅವನು ಕೈ ಚಾಚುವುದರೊಳಗೆ ನಾವು ಎಂಜಲು ಹಚ್ಚಿ ಒರೆಸಿಬಿಡುತ್ತಿದ್ದೆವು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಸುಳ್ಳಲ್ಲ.

ಐವತ್ತೊಂದನೇ ವಯಸ್ಸಿಗೆ ನನಗೆ ರಕ್ತದ ಕ್ಯಾನ್ಸರ್ ಬಂತು. ಕೀಮೋ ಕೊಟ್ಟರು, ಕೂದಲು ಹೋಯಿತು, ಕ್ಯಾನ್ಸರೂ ಹೋಯಿತು. ಕೂದಲು ವಾಪಸ್ ಬರುವಷ್ಟರಲ್ಲಿ ಅದೂ ವಾಪಸ್ ಬಂತು. ಆಗ ಡಾಕ್ಟರಮ್ಮ ಹೊಸ ಚಿಕಿತ್ಸೆಯ ಮಾತೆತ್ತಿದರು. ನನಗೂ ಅಣ್ಣನಿಗೂ ಅರ್ಥವಾಗುವ ಹಾಗೆ ಹೇಳಿದರು.

"ನಿಮ್ಮ ರಕ್ತದಲ್ಲೇ ಕಾವಲು ಕಾಯೋ ಕಣಗಳಿವೆ. ಅವುಗಳನ್ನ ತೆಗೆದು, ಲ್ಯಾಬಲ್ಲಿ ಕಳ್ಳನ ಗುರುತು ಹೇಳಿಕೊಟ್ಟು, ಬೆಳೆಸಿ, ವಾಪಸ್ ನಿಮ್ಮ ಮೈಯೊಳಗೇ ಬಿಡ್ತೀವಿ. ಅವು ಕಳ್ಳನನ್ನ ಹುಡುಕಿ ಕೊಲ್ತವೆ."

"ಭೇಷ್," ಎಂದ ಅಣ್ಣ.

"ತಡೀರಿ. ಕಳ್ಳನನ್ನ ಹಿಡಿಯೋ ಗಲಾಟೇಲಿ ಮನೆ ಪಾತ್ರೆಗಳೂ ಒಡೀಬಹುದು. ಜೋರು ಜ್ವರ ಬರಬಹುದು, ಬಿ.ಪಿ. ಬೀಳಬಹುದು, ಮಾತು ತೊದಲಬಹುದು. ಇದೊಂದು ಬೆಂಕಿ. ಇನ್ನೊಂದು ಏನಂದ್ರೆ, ಈ ಸಮಯದಲ್ಲಿ ಮೈಯಲ್ಲಿ ಬೇರೆ ಕಾವಲಿರಲ್ಲ, ಯಾವ ರೋಗಾಣು ಬೇಕಾದ್ರೂ ಒಳಗೆ ನುಗ್ಗಬಹುದು. ಅದು ಎರಡನೇ ಬೆಂಕಿ. ಹೊರಗಿಂದ ನೋಡಿದ್ರೆ ಎರಡೂ ಒಂದೇ ಥರ. ಮೊದಲ ಗುರುತು ಜ್ವರ, ಅಷ್ಟೆ. ಅದಕ್ಕೇ ಜ್ವರ ಯಾವಾಗ ಶುರುವಾಯ್ತು, ಹೇಗೆ ಏರ್ತು ಅನ್ನೋದೇ ನಮಗೆ ದಾರಿ ತೋರಿಸೋದು."

ಕಣಗಳನ್ನು ಹನಿಹನಿಯಾಗಿ ಒಳಗೆ ಬಿಟ್ಟರು. ಮೂರನೇ ದಿನ ಸಣ್ಣ ಜ್ವರ ಬಂದು ಎರಡು ದಿನದಲ್ಲಿ ಇಳಿಯಿತು. ಎಂಟನೇ ದಿನ ನನ್ನನ್ನು ಒಬ್ಬಳೇ ಇರಿಸಿದ್ದ ಗಾಜಿನ ಕೋಣೆಯಿಂದ ಬಿಡುಗಡೆ ಮಾಡಿ ಆಸ್ಪತ್ರೆಯವರದೇ ವಸತಿಗೃಹಕ್ಕೆ ಕಳಿಸಿದರು. ಕಾರಿನಲ್ಲಿ ಹತ್ತು ನಿಮಿಷದ ದಾರಿ. ಮೂರನೇ ಮಹಡಿಯಲ್ಲಿ ಎರಡು ಮಂಚದ ಕೋಣೆ, ಬಿಳಿ ಪ್ಲಾಸ್ಟಿಕ್ ಸ್ಟೂಲು, ಕಾರಿಡಾರಿನ ತುದಿಯಲ್ಲಿ ಎಲ್ಲರಿಗೂ ಸೇರಿದ ಅಡುಗೆಮನೆ. ಅತ್ತಿಗೆಗೆ ಮಂಡಿನೋವು, ಮೆಟ್ಟಿಲು ಹತ್ತಲಾಗದು. ಹಾಗಾಗಿ ನನ್ನನ್ನು ನೋಡಿಕೊಳ್ಳಲು ಅಣ್ಣನೇ ಬಂದ. ಬಾಗಿಲ ಹಿಂದೆ ಒಂದು ಕಾಗದ ಅಂಟಿಸಿದ್ದರು. ಹಗಲು ಎರಡು ಗಂಟೆಗೊಮ್ಮೆ ಜ್ವರ ನೋಡಿ ಬರೆಯುವುದು. 100.4 ಮುಟ್ಟಿದರೆ ಮಾತ್ರೆ ನುಂಗದೆ, ಕಾಯದೆ, ತಕ್ಷಣ ಬರುವುದು. ಆ ಅಂಕಿಯ ಕೆಳಗೆ ಕೆಂಪು ಗೆರೆ.

ಅಣ್ಣನಿಗೆ ಅವನ ಹಳೆಯ ಉದ್ಯೋಗವೇ ವಾಪಸ್ ಸಿಕ್ಕಂತಾಯಿತು. ಆಸ್ಪತ್ರೆಯವರು ಕೊಟ್ಟ ಡಿಜಿಟಲ್ ಥರ್ಮಾಮೀಟರನ್ನು, "ಬ್ಯಾಟರಿ ನಂಬಿ ಕೂತ್ಕೊಂಡ್ರೆ ಆಯ್ತು ಕಥೆ" ಎಂದು ಡ್ರಾಯರಿಗೆ ತಳ್ಳಿ, ಮನೆಯಿಂದ ತಂದ ಪಾದರಸದ ಗಾಜಿನ ಕಡ್ಡಿಯನ್ನು ಸ್ಟೀಲ್ ಲೋಟದಲ್ಲಿ ಹತ್ತಿಯ ಮೇಲೆ ನಿಲ್ಲಿಸಿದ. ಉದ್ದನೆಯ ನೋಟ್‌ಬುಕ್ಕಿಗೆ ಸ್ಕೇಲು ಹಿಡಿದು ಮೂರು ಕಾಲಂ ಎಳೆದ: ಗಂಟೆ, ಅಂಕಿ, ಸಹಿ. ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುವುದೇನು, ಮಲಗಿದಾಗಲೂ ಮಾಸ್ಕ್ ಹಾಕುವುದೇನು! ಪಕ್ಕದ ಕೋಣೆಯವರು ಸೀನಿದ್ದಕ್ಕೆ ಅವರ ಬಾಗಿಲು ಬಡಿದು ಜಗಳ ಆಡಿ ಬಂದ. ಮರುದಿನ ತಪಾಸಣೆಗೆ ಹೋದಾಗ ಡಾಕ್ಟರಮ್ಮ ಪುಸ್ತಕ ನೋಡಿ, "ಇಷ್ಟು ಚೆನ್ನಾಗಿ ಬರೆದವರನ್ನ ನಾನು ನೋಡೇ ಇಲ್ಲ" ಎಂದರು. ದಪ್ಪ ಕನ್ನಡಕದ ನರ್ಸ್ ಅದನ್ನು ಬೇರೆ ರೋಗಿಗಳ ಮನೆಯವರಿಗೂ ತೋರಿಸಿದರು. ಅಣ್ಣ ಮಾಸ್ಕಿನೊಳಗೆ ನಕ್ಕ. ಕಿವಿಗಳೆರಡೂ ಹಿಂದಕ್ಕೆ ಸರಿದಿದ್ದರಿಂದ ನನಗೆ ಗೊತ್ತಾಯಿತು. ನನಗೂ ಡಾಕ್ಟರಮ್ಮನಿಂದ ಒಂದು ಮಾತು ಸಿಕ್ಕಿತು: "ಇವರೇ ನೋಡಿ ನಮ್ಮ ಮಾದರಿ ಪೇಷಂಟ್. ಇನ್ನು ಮೂರು ದಿನ ಹೀಗೇ ಇದ್ರೆ ವಾರಕ್ಕೆರಡು ಸಲ ಬಂದ್ರೆ ಸಾಕು." ಐವತ್ತೆರಡು ವರ್ಷದ ಹೆಂಗಸಿಗೆ ಆ ಮಾತು ಕೇಳಿ ಸ್ಲೇಟು ಹಿಡಿದ ಹುಡುಗಿಯ ಹಾಗೆ ಮೈ ಉಬ್ಬಿತು ಎಂದರೆ ಯಾರಾದರೂ ನಂಬುತ್ತಾರೆಯೇ? ಉಬ್ಬಿತ್ತು.

ಹನ್ನೊಂದನೇ ದಿನ. ಮಧ್ಯಾಹ್ನ ಹನ್ನೆರಡಕ್ಕೆ ಅಣ್ಣ ನೋಡಿದಾಗ 98.6. ಊಟ ಮುಗಿಸಿ ಅವನು ಪಾತ್ರೆ ತೊಳೆಯಲು ಕಾರಿಡಾರಿನ ತುದಿಗೆ ಹೋದ. ಅವನು ಆಚೆ ಹೋಗುತ್ತಿದ್ದಂತೆ ನನ್ನ ಬೆನ್ನುಹುರಿಯಲ್ಲಿ ತಣ್ಣಗೆ ಏನೋ ಹರಿದ ಹಾಗಾಯಿತು. ಲೋಟದಿಂದ ಕಡ್ಡಿ ತೆಗೆದು ನಾಲಿಗೆಯ ಕೆಳಗಿಟ್ಟುಕೊಂಡೆ. ಗೋಡೆ ಗಡಿಯಾರದಲ್ಲಿ ಒಂದು ಹತ್ತು. ಕಡ್ಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದೆ. 100.8.

ಬಾಗಿಲ ಹಿಂದಿನ ಕೆಂಪು ಗೆರೆ ಮಂಚದಿಂದಲೇ ಕಾಣುತ್ತಿತ್ತು. ನನಗೆ ಓದು ಬರುತ್ತದೆ, ಓದುವುದೇ ನನ್ನ ಅನ್ನ. ಅಣ್ಣಾ ಎಂದು ಒಂದು ಸಲ ಕೂಗಿದ್ದರೆ ಸಾಕಿತ್ತು. ಆದರೆ ಆ ಗಾಜಿನ ಕೋಣೆ ಕಣ್ಣಮುಂದೆ ಬಂತು. ಬೀಪ್ ಬೀಪ್ ಎನ್ನುವ ಯಂತ್ರ, ಉಚ್ಚೆಗೂ ಇನ್ನೊಬ್ಬರನ್ನು ಕೇಳಬೇಕಾದ ಸ್ಥಿತಿ. ಮಾದರಿ ಪೇಷಂಟ್ ಎಂಬ ಮಾತೂ ಕಿವಿಯಲ್ಲಿತ್ತು. ಕಡ್ಡಿಯನ್ನು ನಾಲ್ಕು ಸಲ ಝಾಡಿಸಿದೆ. ಪಾದರಸ ಕೆಳಗಿಳಿಯಿತು. ಅದನ್ನು ಹತ್ತಿಯ ಮೇಲೆ ಇದ್ದ ಹಾಗೇ ನಿಲ್ಲಿಸಿ, ಗೋಡೆಯ ಕಡೆ ತಿರುಗಿ ಕಂಬಳಿ ಹೊದ್ದುಕೊಂಡೆ. ಸ್ವಲ್ಪ ಮಲಗಿ ಎದ್ದು ನೋಡಿದರಾಯಿತು ಎಂದು ನನಗೇ ನಾನು ಹೇಳಿಕೊಂಡೆ. ಎಂಜಲು ಹಚ್ಚಿ ಒರೆಸಿದ್ದು, ಅಷ್ಟೆ.

ಎರಡು ಗಂಟೆಗೆ ಅಣ್ಣ ನನ್ನ ಮಂಚದ ಹತ್ತಿರ ಬಂದು ನಿಂತ. "ತಂಗೀ," ಎಂದು ಮೆಲ್ಲಗೆ ಕರೆದ. ನಾನು ನಿದ್ದೆ ಬಂದವರ ಹಾಗೆ ಉದ್ದುದ್ದ ಉಸಿರು ಎಳೆದೆ. ಹಿಂದಿನ ಎರಡು ದಿನ ನನಗೆ ಸರಿಯಾಗಿ ನಿದ್ದೆ ಇರಲಿಲ್ಲ, ಅದು ಅವನಿಗೆ ಗೊತ್ತು. "ಪಾಪ, ಈಗ ಕಣ್ಣು ಹತ್ತಿದೆ," ಎಂದು ತನಗೇ ಹೇಳಿಕೊಂಡ. ಸ್ಟೂಲು ಎಳೆದ ಸದ್ದಾಯಿತು, ಆಮೇಲೆ ಕಾಗದದ ಮೇಲೆ ಪೆನ್ನಿನ ಸದ್ದು. ಒಂದು ಸಲ ಬರೆದ, ತುಸು ತಡೆದ, ಮತ್ತೊಂದು ಸಲ ಬರೆದ. ಆಮೇಲೆ ಪುಸ್ತಕದಲ್ಲಿ ಕಂಡದ್ದು: ಎರಡು ಗಂಟೆಯದು 98.4, ನಾಲ್ಕು ಗಂಟೆಯದು 98.6. ಪಾಯಿಂಟ್ ಏರಿಸುವುದನ್ನು ಅವನು ಮರೆಯಲಿಲ್ಲ.

ಕಡ್ಡಿ ನನ್ನ ಬಾಯಿಗೆ ಬರಲಿಲ್ಲ, ಆದರೂ ಅಂಕಿ ಪುಸ್ತಕಕ್ಕೆ ಬಂತು. ಕಣ್ಣು ಮುಚ್ಚಿಕೊಂಡೇ ನನಗೆ ಎಲ್ಲ ತಿಳಿಯಿತು. ತಿಳಿದು ಏನನಿಸಿತು ಎಂದು ಕೇಳಿದರೆ, ಸದ್ಯ, ಬಚಾವಾದೆ ಎನಿಸಿತು. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ. ಅಣ್ಣ ಕರುಣೆಯಿಂದ ಬರೆದ, ರೂಢಿಯಿಂದ ಬರೆದ. ನಾನು ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಹಾಗೆ, ಗೊತ್ತಿದ್ದೂ ಗೊತ್ತಿದ್ದೂ ಬಿದ್ದುಕೊಂಡಿದ್ದೆ.

ಆಮೇಲೆ ನಿಜವಾಗಿಯೂ ಮಂಪರು ಹತ್ತಿತು. ಆರು ಗಂಟೆಗೆ ಅಣ್ಣ ಎಬ್ಬಿಸಿದಾಗ ಹಲ್ಲು ಕಟಕಟ ಎನ್ನುತ್ತಿತ್ತು. ಕಡ್ಡಿ ತೆಗೆದು ನೋಡಿದವನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. 103.2. ಮೂವತ್ತೊಂದು ವರ್ಷ ಮೀಟರು ನೋಡಿದ ಕಣ್ಣು ಆ ಕಡ್ಡಿಯಿಂದ ಸ್ಟೂಲಿನ ಮೇಲಿದ್ದ ಪುಸ್ತಕಕ್ಕೆ ಹೋಯಿತು. ಅಲ್ಲಿಂದ ನನ್ನ ಮುಖಕ್ಕೆ ಬರಲಿಲ್ಲ.

ಆಸ್ಪತ್ರೆಯಲ್ಲಿ ಎಲ್ಲರೂ ಸರಸರ ಓಡಾಡಿದರು. ರಕ್ತ ತೆಗೆದರು, ಔಷಧಿ ಬಿಡಲು ಎದೆಗೆ ಹಾಕಿದ್ದ ನಳಿಕೆಯಿಂದಲೂ ತೆಗೆದರು, ಆ್ಯಂಟಿಬಯಾಟಿಕ್ ಏರಿಸಿದರು. ಡಾಕ್ಟರಮ್ಮ ನಿಂತುಕೊಂಡೇ ಪುಸ್ತಕ ತಿರುವಿದರು.

"ನಾಲ್ಕು ಗಂಟೆಗೆ 98.6 ಇತ್ತಾ?"

ಅಣ್ಣ ನನ್ನ ಹೊದಿಕೆ ಸರಿಮಾಡತೊಡಗಿದ.

"ಅಂದ್ರೆ ಜ್ವರ ಶುರುವಾಗಿ ಎರಡು ಗಂಟೆ ಒಳಗೆ. ಇಷ್ಟು ದಿಢೀರ್ ಏರಿದೆ ಅಂದ್ರೆ ರೋಗಾಣುವೇ ಇರಬೇಕು. ಹಾಗಾದ್ರೆ ಆ್ಯಂಟಿಬಯಾಟಿಕ್ ಮೇಲೆ ಸ್ವಲ್ಪ ಕಾದು ನೋಡೋಣ. ಕಣಗಳನ್ನ ತಣ್ಣಗೆ ಮಾಡೋ ಔಷಧಿ ಈಗಲೇ ಬೇಡ."

ದಪ್ಪ ಕನ್ನಡಕದ ನರ್ಸ್ ನನ್ನ ಕೈಗೆ ಕಾಗದ, ಪೆನ್ನು ಕೊಟ್ಟರು. ಮಿದುಳಿಗೆ ತೊಂದರೆಯಾಗಿದೆಯೇ ಎಂದು ತಿಳಿಯಲು ದಿನಾ ಒಂದು ವಾಕ್ಯ ಬರೆಸುತ್ತಿದ್ದರು. ನಾನು ಮೊದಲ ದಿನದಿಂದಲೂ ಬರೆಯುತ್ತಿದ್ದುದು ಒಂದೇ: 'ಪುಸ್ತಕವನ್ನು ಹದಿನೈದು ದಿನದೊಳಗೆ ಹಿಂತಿರುಗಿಸತಕ್ಕದ್ದು.' ಆವತ್ತು 'ಹದಿನೈದು' ಎಂಬಲ್ಲಿಗೆ ಬರುವಷ್ಟರಲ್ಲಿ ಅಕ್ಷರಗಳು ಇಳಿಜಾರಿಗೆ ಬಿದ್ದವು. ಅದನ್ನು ನೋಡಿದ ಅಣ್ಣ ಬಾಯಿ ಬಿಟ್ಟ. ಅಲ್ಲಿ ಡಾಕ್ಟರಮ್ಮ, ಇಬ್ಬರು ನರ್ಸುಗಳು, ಪಕ್ಕದ ಹಾಸಿಗೆಯ ರೋಗಿ, ಅವನ ಹೆಂಡತಿ ಎಲ್ಲ ಇದ್ದರು. ಎರಡು ದಿನದ ಹಿಂದೆ ಇದೇ ಪುಸ್ತಕ ನೋಡಿ ಹೊಗಳಿದವಳು ಆ ಹೆಂಡತಿ.

"ಡಾಕ್ಟ್ರೇ, ಎರಡು ಗಂಟೆದೂ ನಾಲ್ಕು ಗಂಟೆದೂ ನಾನು ನೋಡದೆ ಬರೆದದ್ದು. ಸುಳ್ಳು ಅಂಕಿ ಅದು."

ಡಾಕ್ಟರಮ್ಮ ತಲೆಯೆತ್ತಿದರು. "ಹಾಗಾದ್ರೆ ಜ್ವರ ಯಾವಾಗ ಶುರುವಾಯ್ತು?"

"ಗೊತ್ತಿಲ್ಲ."

"ಹನ್ನೆರಡರಿಂದ ಆರರ ಒಳಗೆ ಯಾವಾಗ ಬೇಕಾದ್ರೂ?"

"ಹೂಂ."

ನೆಲ ಬಾಯಿಬಿಟ್ಟು ನುಂಗಬಾರದೇ ಎಂದು ನಿಲ್ಲುವವರನ್ನು ನಾನು ಆವತ್ತು ಕಣ್ಣಾರೆ ಕಂಡೆ. ಅಣ್ಣನ ಭುಜಗಳು ಕಿವಿಯವರೆಗೆ ಏರಿದ್ದವು. ನನಗೆ ಆಗ ಪ್ರಜ್ಞೆಯಿತ್ತು, ನಾಲಿಗೆಯೂ ಇತ್ತು. ಒಂದು ಹತ್ತು, ನೂರು ಪಾಯಿಂಟ್ ಎಂಟು. ಇಷ್ಟೇ ಹೇಳಬೇಕಾಗಿದ್ದುದು. ಅಣ್ಣನ ಮಾನವೂ ಅರ್ಧ ಉಳಿಯುತ್ತಿತ್ತು, ಡಾಕ್ಟರಮ್ಮನಿಗೆ ದಾರಿಯೂ ಕಾಣುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ನನ್ನ ಜೀವ ಉಳಿಸುವ ಅಂಕಿಯನ್ನು ನಾನೇ ಬಚ್ಚಿಟ್ಟುಕೊಂಡೆ. ಜೀವಕ್ಕಿಂತ ಮರ್ಯಾದೆ ದೊಡ್ಡದು ಅಂತ ಜನ ಹೇಳುವುದನ್ನು ಕೇಳಿದ್ದೆ. ಅದು ಇಷ್ಟು ಕೊಳಕಾಗಿರುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಅಲ್ಲಿಂದ ಮುಂದೆ ಆರು ದಿನ ನನಗೆ ನೆನಪಿಲ್ಲ. ನಡೆದದ್ದನ್ನೆಲ್ಲ ಆಮೇಲೆ ನರ್ಸ್ ಹೇಳಿದರು. ಅಣ್ಣ ಒಪ್ಪಿಕೊಂಡ ಕಾರಣಕ್ಕೆ ಡಾಕ್ಟರಮ್ಮ ಕಾಯಲಿಲ್ಲ. ಜ್ವರ ಹಳೆಯದಿರಬಹುದು ಎಂದುಕೊಂಡು ಐ.ಸಿ.ಯು.ಗೆ ಹಾಕಿದರು, ಕಣಗಳ ಆರ್ಭಟ ಇಳಿಸುವ ಔಷಧಿಯನ್ನೂ ಆಗಲೇ ಕೊಟ್ಟರು. ರಾತ್ರಿಯಾಗುವುದರೊಳಗೆ ಬಿ.ಪಿ. ನೆಲ ಕಚ್ಚಿತಂತೆ. ಎರಡು ದಿನ ಬಿಟ್ಟು ರಕ್ತದಲ್ಲಿ ರೋಗಾಣು ಬೆಳೆಯಿತು. ಎದೆಯ ನಳಿಕೆಯಲ್ಲಿ ಮನೆ ಮಾಡಿಕೊಂಡು ಕೂತಿತ್ತು ಅದು. ನಳಿಕೆ ಕಿತ್ತು ಹಾಕಿದರು. ಎರಡೂ ಬೆಂಕಿ ಒಟ್ಟಿಗೇ ಹೊತ್ತಿಕೊಂಡಿದ್ದವು. ನಾನು ಆ ಗೊಂದಲದಲ್ಲಿ ಬಂದವರಿಗೆಲ್ಲ, "ಪುಸ್ತಕ ಎಲ್ಲಿ? ಪುಟ ಹರಿದಿದ್ದೀರಾ?" ಎಂದು ಜೋರು ಮಾಡುತ್ತಿದ್ದೆನಂತೆ. ನರ್ಸುಗಳು ನಗುತ್ತಿದ್ದರು. ಅಣ್ಣ ಆ ಮಾತು ಕೇಳಿದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದನಂತೆ, ನಾನು ಅವನ ಪುಸ್ತಕದ ಬಗ್ಗೆಯೇ ಕೇಳುತ್ತಿದ್ದೇನೆಂದು.

ಉಳಿದುಕೊಂಡೆ. ಮೂಳೆಯ ಮಜ್ಜೆ ಪರೀಕ್ಷೆ ಮಾಡಿ ಕ್ಯಾನ್ಸರಿನ ಸುಳಿವೇ ಇಲ್ಲ ಎಂದರು. ಬಲಗೈ ಬೆರಳುಗಳು ಮಾತ್ರ ಪೂರ್ತಿ ಸುಧಾರಿಸಲಿಲ್ಲ. ಮೊಹರು ಒತ್ತಿದರೆ ತಾರೀಖು ಓರೆಯಾಗುತ್ತದೆ.

ಎಲ್ಲರೂ ಅಣ್ಣನನ್ನು ಹೊಗಳಿದ್ದೇ ಹೊಗಳಿದ್ದು. "ಒಡಹುಟ್ಟಿದವರು ಅಂದ್ರೆ ಹೀಗಿರಬೇಕು" ಎಂದು ನೆರೆಮನೆಯವರು ಹೇಳಿದರೆ ಅವನು ಹಿತ್ತಲಿಗೆ ಹೋಗಿ ಸುಮ್ಮನೆ ಬಕೆಟ್ಟಿಗೆ ನೀರು ತುಂಬಿಸುತ್ತಿದ್ದ. ಆಲೂಗಡ್ಡೆಯ ಜ್ವರದ ಕಥೆ ನಿಂತೇಹೋಯಿತು. ಒಂದು ದಿನ ಕೋಲ್ಡ್ ಸ್ಟೋರೇಜಿಗೆ ಹೋಗಿ, ತನ್ನ ಜಾಗಕ್ಕೆ ಬಂದವನಿಗೆ, "ಮುಂಚೇನೇ ಬರೀಬೇಡಪ್ಪ, ನಾನು ಕಲಿಸಿದ್ದು ತಪ್ಪು" ಎಂದನಂತೆ. ಅವನು, "ಹೋಗಣ್ಣ, ತಮಾಷೆ ಮಾಡ್ಬೇಡ" ಎಂದು ನಕ್ಕು ಚಹಾ ಕುಡಿಸಿ ಕಳಿಸಿದನಂತೆ. ಅತ್ತಿಗೆಯ ಗೋಳು ಬೇರೆ.

"ನಿಮ್ಮಣ್ಣಂಗೆ ಏನಾಗಿದೆ ನೋಡೇ. ಅಂಗಡಿ ಚೀಟಿ ಬರೀರಿ, ಸಕ್ಕರೆ ಮುಗಿದಿದೆ ಅಂದ್ರೆ, ಡಬ್ಬ ತೆಗೆದು ನೋಡದೆ ಬರೆಯಲ್ಲ ಅಂತಾರೆ. ನಾನೇನು ಸುಳ್ಳು ಹೇಳ್ತೀನಾ? ಒಂದೊಂದು ಡಬ್ಬಾನೂ ಬಗ್ಗಿ ನೋಡಿ ಬರೆಯೋ ಹೊತ್ತಿಗೆ ಅಂಗಡಿ ಮುಚ್ಚಿರುತ್ತೆ."

ನಾನು ನಕ್ಕೆ. ಅತ್ತಿಗೆ ನಗಲಿಲ್ಲ. "ನಿನ್ನ ಮನೆಗೂ ಬರಲ್ಲ ಅಂತಾರಲ್ಲೇ. ನಾನೇ ತಳ್ಳಿ ತಳ್ಳಿ ಕಳಿಸಬೇಕು. ಅವಳ ಮುಖ ಹೇಗೆ ನೋಡಲಿ ಅಂತಾರೆ."

ಬರುತ್ತಿದ್ದ. ತರಕಾರಿ ಚೀಲ ಅಡುಗೆಮನೆಯಲ್ಲಿಟ್ಟು, ನಿಂತುಕೊಂಡೇ ಚಹಾ ಕುಡಿದು, "ಕೈ ಹೇಗಿದೆ?" ಎಂದು ಕೈಯನ್ನೇ ಕೇಳುವವನ ಹಾಗೆ ಕೈ ನೋಡುತ್ತಲೇ ಕೇಳಿ ಹೋಗುತ್ತಿದ್ದ. ಪ್ರತಿ ಸಲವೂ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಗೇಟಿನ ಸದ್ದಾದ ಮೇಲೆ, ಮುಂದಿನ ವಾರ ಎಂದುಕೊಳ್ಳುತ್ತಿದ್ದೆ. ಹೀಗೆ ಎಂಟು ತಿಂಗಳು. ಅಣ್ಣ ಒಳಗೊಳಗೇ ಕುಗ್ಗಿ ಹೋಗುತ್ತಿದ್ದುದು ನನಗೆ ಕಾಣುತ್ತಿತ್ತು. ಅರ್ಧ ಹೊರೆ ಇಳಿಸುವ ಮಾತು ನನ್ನ ಬಾಯಲ್ಲೇ ಇತ್ತು. ಆದರೂ ನಾನು ಅವನಿಗೆ ಚಹಾ ಕೊಡುತ್ತಿದ್ದೆ, ಮಾತು ಕೊಡಲಿಲ್ಲ.

ಕಳೆದ ತಿಂಗಳು ದಪ್ಪ ಕನ್ನಡಕದ ನರ್ಸ್ ಫೋನ್ ಮಾಡಿದರು. ಈ ಚಿಕಿತ್ಸೆಗೆ ಹೊಸದಾಗಿ ಬರುವ ರೋಗಿಗಳಿಗೂ ಮನೆಯವರಿಗೂ ಒಂದು ಮಧ್ಯಾಹ್ನ ತಿಳಿವಳಿಕೆ ಕೊಡುತ್ತಾರಂತೆ. ಅಣ್ಣ ಬಂದು ನಾಲ್ಕು ಮಾತು ಹೇಳಬಹುದೇ ಎಂದು ಕೇಳಿದರು. ಅವನು ಒಪ್ಪಲಾರ ಎಂದುಕೊಂಡಿದ್ದೆ. ಒಪ್ಪಿದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಆ ಉದ್ದನೆಯ ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದ. ನಾನೂ ಜೊತೆಗೆ ಹೋದೆ.

ಆಸ್ಪತ್ರೆಯ ನೆಲಮಹಡಿಯ ಹಾಲ್. ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ, ತಿರುಗುವಾಗ ಕೀರಲು ಸದ್ದು ಮಾಡುವ ಫ್ಯಾನು. ಕೂದಲಿಲ್ಲದ ತಲೆಗಳು, ಅವುಗಳ ಪಕ್ಕದಲ್ಲಿ ನಿದ್ದೆಗೆಟ್ಟ ಮುಖಗಳು. ನಾನು ಕೊನೆಯ ಸಾಲಿನಲ್ಲಿ ಕೂತೆ. ಅಣ್ಣ ಎದ್ದು ನಿಂತು ಪುಸ್ತಕ ತೆರೆದು ಎಲ್ಲರಿಗೂ ಕಾಣುವ ಹಾಗೆ ಹಿಡಿದ. ಎರಡು ಗಂಟೆಯ ಮತ್ತು ನಾಲ್ಕು ಗಂಟೆಯ ಸಾಲಿಗೆ ಅಡ್ಡಗೆರೆ ಎಳೆದಿದ್ದ.

"ನನ್ನ ಕೈಬರಹ ಚೆನ್ನಾಗಿದೆ ಅಂತ ಇಲ್ಲೇ ಹೊಗಳಿದ್ರು. ಈ ಎರಡು ಅಂಕಿ ಸುಳ್ಳು. ನನ್ನ ತಂಗಿ ಮಲಗಿದ್ಲು, ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಅದೂ ನೆಪಾನೇ. ನೋಡದೆ ಬರೆಯೋದು ನನಗೆ ಅಭ್ಯಾಸ ಆಗಿತ್ತು. ಅವಳು ಪಾಪ ನನ್ನ ನಂಬಿ ನಿದ್ದೆ ಮಾಡ್ತಿದ್ಲು. ಆ ನಂಬಿಕೆಗೆ ನಾನು ದ್ರೋಹ ಮಾಡಿದೆ. ನೀವು ಎಬ್ಬಿಸಿ. ಬೈದ್ರೂ ಪರವಾಗಿಲ್ಲ, ಎಬ್ಬಿಸಿ ನೋಡಿ."

ಒಬ್ಬಾಕೆ ಕೈಯೆತ್ತಿದಳು. "ಮತ್ತೆ ನಿಮ್ಮ ತಂಗಿ ನಿಮ್ಮನ್ನ ಕ್ಷಮಿಸಿದ್ರಾ?"

ಅಣ್ಣ ಕೊನೆಯ ಸಾಲಿನ ಕಡೆ ನೋಡಲಿಲ್ಲ. "ಕೇಳೋ ಧೈರ್ಯ ಆಗಿಲ್ಲಮ್ಮ," ಎಂದ.

ಆಗಲೂ ನಾನು ಎದ್ದು ನಿಲ್ಲಲಿಲ್ಲ. ಕುರ್ಚಿಗೆ ಅಂಟಿಕೊಂಡೇ ಕೂತಿದ್ದೆ.

ಅವರಿಗೆಲ್ಲ ಚಹಾ ಕೊಡಲು ಶುರುಮಾಡಿದಾಗ ಅಣ್ಣ ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತ. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಎದುರುಗಡೆ ಕೈ ತೊಳೆಯುವ ಬೇಸಿನ್ನು, ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅದನ್ನೇ ನೋಡುತ್ತಾ ಹೇಳಿದೆ.

"ಅಣ್ಣ, ನಾನು ಮಲಗಿರಲಿಲ್ಲ."

ಅವನು ತಿರುಗಲಿಲ್ಲ.

"ನೀನು ಪಾತ್ರೆ ತೊಳೆಯೋಕೆ ಹೋದಾಗ ನಾನೇ ಕಡ್ಡಿ ಇಟ್ಟು ನೋಡಿದ್ದೆ. ಜ್ವರ ಇತ್ತು. ಝಾಡಿಸಿ ವಾಪಸ್ ಇಟ್ಟೆ. ನೀನು ಕರೆದದ್ದು ಕೇಳಿಸ್ತು. ನೀನು ನೋಡದೆ ಬರೆದದ್ದೂ ಗೊತ್ತಾಯ್ತು. ಡಾಕ್ಟ್ರ ಮುಂದೆ ನೀನು ಒಪ್ಪಿಕೊಂಡಾಗಲೂ ನನಗೆ ಎಚ್ಚರ ಇತ್ತು."

ಇಷ್ಟು ಹೇಳಲು ಎಷ್ಟು ಹೊತ್ತಾಯಿತೋ. ಹೇಳಿ ಮುಗಿದ ಮೇಲೂ ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು. ಬೈಯುತ್ತಾನೆ ಎಂದುಕೊಂಡೆ. ಚಿಕ್ಕಂದಿನಲ್ಲಿ ತಲೆಗೆ ಮೊಟಕುತ್ತಿದ್ದ, ಹಾಗೆ ಮೊಟಕಿದರೂ ಸಾಕಿತ್ತು.

"ಎಂಟು ತಿಂಗಳು," ಎಂದ ಅಣ್ಣ. "ಎಂಟು ತಿಂಗಳು, ತಂಗೀ."

"ಹೂಂ."

"ಆವತ್ತು ಬಾಯಿಬಿಟ್ಟಿದ್ರೆ ಅವರಿಗೆ ಆಗಲೇ ತಿಳೀತಿತ್ತು. ನೀನು ಸಾಯ್ತಿದ್ಯಲ್ಲೇ."

"ಹೂಂ."

ಅವನು ಮಾಸ್ಕ್ ತೆಗೆದು ಮುಖ ಒರೆಸಿಕೊಂಡ. ಸಿಟ್ಟೋ ಅಳುವೋ ತಿಳಿಯಲಿಲ್ಲ, ಎರಡೂ ಇದ್ದವು. ಆಮೇಲೆ ಚೀಲದಿಂದ ಪುಸ್ತಕ ಹೊರಗೆ ತೆಗೆದ. ಆ ಪುಟ ಹುಡುಕಬೇಕಾಗಿರಲಿಲ್ಲ, ತಾನಾಗಿಯೇ ತೆರೆದುಕೊಂಡಿತು. ಅಷ್ಟು ಸಲ ತೆರೆದಿದ್ದಾನೆ ಅದನ್ನು.

"ಎಷ್ಟಿತ್ತು?"

"100.8."

"ಎಷ್ಟು ಗಂಟೆಗೆ?"

"ಒಂದು ಹತ್ತು."

ಹನ್ನೆರಡು ಗಂಟೆಯ ಸಾಲಿಗೂ ಎರಡು ಗಂಟೆಯ ಸಾಲಿಗೂ ನಡುವೆ ಬೆರಳಿಟ್ಟು ತೋರಿಸಿ ಜೇಬಿನಿಂದ ಪೆನ್ನು ತೆಗೆದ. ಅವನೇ ಬರೆಯುತ್ತಾನೆ ಎಂದುಕೊಂಡೆ. ಅವನು ಪೆನ್ನನ್ನು ನನ್ನ ಕಡೆ ಚಾಚಿದ.

"ನೀನೇ ಬರಿ. ನಾನು ನೋಡಿಲ್ಲ."

ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬರೆದೆ. ಅವನ ಗುಂಡು ಅಕ್ಷರಗಳ ನಡುವೆ ನನ್ನ ಅಂಕಿ ಸೊಟ್ಟಗೆ ಬಂತು. ಒರೆಸಿ ಚೆನ್ನಾಗಿ ಬರೆಯೋಣ ಎನಿಸಿತು, ಒರೆಸಲಿಲ್ಲ. ಅಣ್ಣ ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ನಿಧಾನವಾಗಿ ಓದಿದ. ಆಮೇಲೆ ಮೂರನೇ ಕಾಲಮ್ಮಿನ ಮೇಲೆ ಬೆರಳಿಟ್ಟ.

"ಸಹಿ," ಎಂದ.

ಹಾಕಿದೆ.